ಮಾಲಕಂಸದ ಹೊತ್ತು

ರಾತ್ರಿ ಹನ್ನೆರಡು ದಾಟಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಸಂಜೆಯ ಬಸ್ಸಿಗೆ ಬಂದವರು ದಾಸೋಹದಲ್ಲಿ ಉಂಡು, ಚಾದರ ಹಾಸಿಕೊಂಡು ಕೂತಿದ್ದಾರೆ. ಇನ್ನು ಅವರಿಗೆ ಬೆಳಗಿನ ಬಸ್ಸೇ.

ಈಗ ವೇದಿಕೆ ಏರುತ್ತಿರುವ ಗವಾಯಿಗೆ ಎಪ್ಪತ್ತು ಮೀರಿರಬೇಕು. ಕೈ ಹುಡುಗನೊಬ್ಬನ ಹೆಗಲ ಮೇಲಿದೆ, ಆದರೆ ಅವನು ಹೇಳುವ ಮೊದಲೇ ಕಾಲು ಮೆಟ್ಟಿಲನ್ನು ಹತ್ತಿರುತ್ತದೆ. ಕೂತೊಡನೆ ತಂಬೂರಿ ಎಳೆದುಕೊಳ್ಳುತ್ತಾರೆ. ಹಿಂದೆ ಹಾಡಿದವರು ಕೂಡಿಸಿದ್ದ ಪಂಚಮ ಮೊದಲ ತಂತಿಯಲ್ಲಿ ಹಾಗೇ ಇದೆ. ಮಾಲಕಂಸ ರಾಗಕ್ಕೆ ಪಂಚಮ ಬೇಡ, ರಿಷಭವೂ ಬೇಡ. ಬಿರಡೆ ತಿರುಗುತ್ತದೆ, ಸ್ವರ ಇಳಿಯುತ್ತ ಇಳಿಯುತ್ತ ಮಧ್ಯಮದ ಹತ್ತಿರ ಬಂದು ತೂಗಾಡುತ್ತದೆ. ಮಣಿ ಕೂದಲೆಳೆಯಷ್ಟು ಸರಿಯುತ್ತದೆ. ಮತ್ತೆ ಮೀಟುತ್ತಾರೆ. ಇನ್ನೂ ಇಲ್ಲ. ಮತ್ತೆ. ಮುಂದಿನ ಸಾಲಿನಲ್ಲಿ ಕೂತ ಆಶ್ರಮದ ಹುಡುಗರು, ಹಲವರು ಅವರಂತೆಯೇ ಅಂಧರು, ಕಿವಿಗೊಟ್ಟು ಕಾಯುತ್ತಿದ್ದಾರೆ. ಮಧ್ಯಮ ಕೂತಿತು. ಒಬ್ಬ ಹುಡುಗ ತಡೆಯಲಾರದೆ ‘ಹಾಂ’ ಅಂದುಬಿಡುತ್ತಾನೆ. ಗವಾಯಿಗಳು ನಗುತ್ತಾರೆ. ಇಲ್ಲಿ ಹಾಡುವ ಸುಖವೂ ಭಯವೂ ಇದೇ: ಎದುರಿಗಿರುವ ಕಿವಿಗಳಿಗೆ ಏನನ್ನೂ ಮುಚ್ಚಿಡಲಾಗದು.

ಈ ಕಿವಿಗಳನ್ನು ತಿದ್ದಿದ ಮನೆ ಇದು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತು, ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ಗದಗಿನಲ್ಲಿ ನೆಲೆ ಕಂಡರು. 1944ರಲ್ಲಿ ಅವರು ತೀರಿದ ಮೇಲೆ ಹೊಣೆ ಹೊತ್ತ ಪುಟ್ಟರಾಜರೂ ಅಂಧರೇ. ನಾಟಕ ಕಂಪನಿ ನಡೆಸಿ ಆಶ್ರಮದ ಒಲೆ ಉರಿಸಿದರು, 2010ರವರೆಗೆ ಬಾಳಿದರು. ಈ ಗುರುಗಳ ಬಳಿ ಕಲಿತ ಗಾಯಕರಾದ ಬಸವರಾಜ ರಾಜಗುರು, ವೆಂಕಟೇಶಕುಮಾರರನ್ನು ನಾಡು ಬಲ್ಲದು. ಅದೇ ಪಾಠ ಕಲಿತು ಸಣ್ಣ ಊರುಗಳಲ್ಲಿ ಪೇಟಿ ಹಿಡಿದು ಮಕ್ಕಳಿಗೆ ಸರಿಗಮ ಹೇಳಿಕೊಟ್ಟವರ ಧ್ವನಿಮುದ್ರಿಕೆಗಳಿಲ್ಲ. ಅವರನ್ನು ಕೇಳಲು ಇಂಥ ರಾತ್ರಿಗಳೇ ಬೇಕು. ನನ್ನ ಮಟ್ಟಿಗೆ ಗದಗಿನ ದೊಡ್ಡ ಸಂಪತ್ತು ಅವರೇ.

ವಿಲಂಬಿತ ಏಕತಾಲ. ಮಂದ್ರದಲ್ಲಿ ಧೈವತ ಹಿಡಿದು ನಿಂತರೆ ಕಂಠಕ್ಕೆ ವಯಸ್ಸೇ ಇಲ್ಲ. ಮೇಲೆ ಹೋದಂತೆ ವಯಸ್ಸು ಕೇಳಿಸುತ್ತದೆ. ತಾರ ಷಡ್ಜದ ಹೊಸ್ತಿಲಲ್ಲಿ ದನಿ ಒಡೆಯುತ್ತದೆ. ಪೇಟಿಯವರು ಆ ಷಡ್ಜವನ್ನು ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಗವಾಯಿಗಳು ಅವಸರ ಮಾಡದೆ ನಿಷಾದಕ್ಕೆ ಮರಳಿ, ಧೈವತ ಮುಟ್ಟಿ, ಮತ್ತೆ ಏರಿ ಸರಿಯಾಗಿ ಸಮಕ್ಕೆ ಷಡ್ಜದ ಮೇಲೆ ಬಂದು ಕೂಡುತ್ತಾರೆ.

‘ಭಲೇ ಅಜ್ಜಾರ!’ ಹಿಂದಿನಿಂದ ಕೂಗು. ಚಾದರ ಹೊದ್ದು ಮಲಗಿದ್ದವರೂ ಎದ್ದು ಕೂತರು.

ದ್ರುತ್ ತೀನತಾಲದಲ್ಲಿ ತಬಲಾದ ಹುಡುಗ ಉಮೇದಿಗೆ ಬಿದ್ದ. ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿದೆ. ವೇದಿಕೆ ಇಳಿದದ್ದೇ ಗವಾಯಿಗಳ ಕಾಲು ಮುಟ್ಟಿ ಕೇಳುತ್ತಾನೆ, ‘ಲಯ ಓಡಿತೇನ್ರೀ ಅಜ್ಜಾರ?’

‘ಓಡಿತಪಾ. ನೀನೂ ಹಿಡೀಲಿಲ್ಲ, ನಾನೂ ಹಿಡೀಲಿಲ್ಲ. ಚಾ ಕುಡದು ಬಾ, ಕೈಲೆ ಹಾಕಿ ತೋರಸ್ತೇನಿ.’

ವೇದಿಕೆಯಲ್ಲಿ ಮುಂದಿನವರು ತಂತಿಯನ್ನು ಪಂಚಮಕ್ಕೆ ಏರಿಸುತ್ತಿದ್ದಾರೆ. ಹಿಂದೆ, ಚಹಾದ ಕಿಟ್ಲಿಯ ಪಕ್ಕ, ಅಜ್ಜಾರು ಆಗಲೇ ಹುಡುಗನ ಮೊಣಕಾಲ ಮೇಲೆ ಹದಿನಾರು ಮಾತ್ರೆ ತಟ್ಟಲು ಶುರು ಮಾಡಿದ್ದಾರೆ.