ಕಂಪ್ಯೂಟರ್ ಬೇಕಾಗಿದೆ

1892ರ ಮೇ 2ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಕಟಣೆ ಬಂದಿತ್ತು. ಅದರ ತಲೆಬರಹ, ‘ಕಂಪ್ಯೂಟರ್ ಬೇಕಾಗಿದೆ’. ನಾವಿಕರಿಗಾಗಿ ಗ್ರಹ-ನಕ್ಷತ್ರಗಳ ಪಂಚಾಂಗ ಸಿದ್ಧಪಡಿಸುವ ಅಮೆರಿಕದ ಸರಕಾರಿ ಕಚೇರಿಯೊಂದರಲ್ಲಿ ಕೆಲಸ. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಮತ್ತು ಖಗೋಳವಿಜ್ಞಾನದಲ್ಲಿ ಪರೀಕ್ಷೆ!

ಯಂತ್ರಕ್ಕೆ ಪರೀಕ್ಷೆಯೇ ಎಂದು ನಮ್ಮ ಒಂಬತ್ತನೇ ತರಗತಿಯ ಮಕ್ಕಳು ನಕ್ಕರು. ಆದರೆ ಪತ್ರಿಕೆ ಕೇಳಿದ್ದು ಯಂತ್ರವನ್ನಲ್ಲ, ಮನುಷ್ಯನನ್ನು. ಹದಿನೇಳನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿ ‘ಕಂಪ್ಯೂಟರ್’ ಎಂದರೆ ಲೆಕ್ಕ ಮಾಡುವವನು. ಗುಮಾಸ್ತ, ಮುನ್ಷಿ ಎಂಬಂತೆ ಅದೂ ಒಂದು ಹುದ್ದೆ.

ಇಂಗ್ಲೆಂಡಿನ ನಾವಿಕ ಪಂಚಾಂಗ 1767ರಿಂದ ಹೊರಬರುತ್ತಿದೆ. ಮೊದಮೊದಲು ಅದರ ಲೆಕ್ಕವನ್ನು ಇಬ್ಬರು ಕಂಪ್ಯೂಟರ್‌ಗಳು ಬೇರೆ ಬೇರೆ ಕುಳಿತು ಮಾಡಬೇಕಿತ್ತು. ಮೂರನೆಯವನು ಎರಡನ್ನೂ ತಾಳೆ ನೋಡುತ್ತಿದ್ದ. ಒಮ್ಮೆ ಇಬ್ಬರು ಒಬ್ಬರದನ್ನೊಬ್ಬರು ನೋಡಿ ಬರೆದು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡರು. ತಪ್ಪು ಅಂಕಿಯನ್ನು ನಂಬಿದ ಹಡಗು ಬಂಡೆಗೆ ಬಡಿಯಬಹುದಲ್ಲವೆ?

ನಮ್ಮ ದೇಶದಲ್ಲೂ ಇಂಥ ಕಂಪ್ಯೂಟರ್‌ಗಳಿದ್ದರು. 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದಿದ್ದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ, 1831ರಲ್ಲಿ ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ ತರುಣ ಕಂಪ್ಯೂಟರ್ ಆಗಿ ಸೇರಿದರು. ಸಂಬಳ ತಿಂಗಳಿಗೆ 30 ರೂಪಾಯಿ. ದೂರದ ಬಯಲಿನಿಂದ ಅಳೆದ ಕೋನಗಳನ್ನು ಇಟ್ಟುಕೊಂಡು, ಬೆಳಕಿನ ವಕ್ರೀಭವನವನ್ನೂ ಭೂಮಿಯ ದುಂಡುತನವನ್ನೂ ಲೆಕ್ಕಕ್ಕೆ ಹಿಡಿದು, ‘ಹದಿನೈದನೇ ಶಿಖರ’ವೇ ಜಗತ್ತಿನಲ್ಲಿ ಅತಿ ಎತ್ತರದ್ದೆಂದು ಅವರು 1852ರಲ್ಲಿ ಕಂಡುಕೊಂಡರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ಉಪಗ್ರಹಗಳ ನೆರವಿನಿಂದ ಬಂದ ಅಂಕಿ ಸುಮಾರು 29,032 ಅಡಿ. ವ್ಯತ್ಯಾಸ ಮೂವತ್ತೇ ಅಡಿ! ಶಿಖರಕ್ಕೆ ಮಾತ್ರ ಎವರೆಸ್ಟ್ ಸಾಹೇಬರ ಹೆಸರು ಬಂತು.

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಈ ಕೆಲಸಕ್ಕಿದ್ದವರು ಹೆಣ್ಣುಮಕ್ಕಳು. ಕೂಲಿ ಗಂಟೆಗೆ ಸುಮಾರು 25 ಸೆಂಟ್. ಅವರಲ್ಲೊಬ್ಬರು ಹೆನ್ರಿಯೆಟ್ಟಾ ಲೀವಿಟ್. ಆಕೆಗೆ ವಹಿಸಿದ್ದು ಛಾಯಾಚಿತ್ರ ಫಲಕಗಳಲ್ಲಿ ನಕ್ಷತ್ರಗಳ ಪ್ರಕಾಶವನ್ನು ಅಳೆದು ಬರೆದಿಡುವ ಕೆಲಸ. ಬರೆಯುತ್ತ ಬರೆಯುತ್ತ ಆಕೆಗೆ ಒಂದು ಸಂಗತಿ ಹೊಳೆಯಿತು: ಒಂದು ಬಗೆಯ ಮಿನುಗುವ ನಕ್ಷತ್ರಗಳಲ್ಲಿ ಹೆಚ್ಚು ಪ್ರಕಾಶದವು ಹೆಚ್ಚು ನಿಧಾನವಾಗಿ ಮಿನುಗುತ್ತವೆ. 1912ರಲ್ಲಿ ಪ್ರಕಟವಾದ ಈ ನಿಯಮವನ್ನೇ ಅಳತೆಗೋಲಾಗಿ ಹಿಡಿದು ಹಬಲ್, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿದೆ ಎಂದು ತೋರಿಸಿದರು.

1946ರಲ್ಲಿ ‘ಎನಿಯಾಕ್’ ಎಂಬ ವಿದ್ಯುನ್ಮಾನ ಯಂತ್ರ ಬಂತು. ಕೈಲೆಕ್ಕದಲ್ಲಿ ಹಲವಾರು ಗಂಟೆ ಹಿಡಿಯುತ್ತಿದ್ದ ಫಿರಂಗಿ ಗುಂಡಿನ ಲೆಕ್ಕವನ್ನು ಅದು ಅರ್ಧ ನಿಮಿಷದಲ್ಲಿ ಮುಗಿಸಿತು. ಅದಕ್ಕೆ ಲೆಕ್ಕದ ದಾರಿ ಹಾಕಿಕೊಟ್ಟ ಆರು ಮಹಿಳೆಯರು ಅದುವರೆಗೆ ತಾವೇ ಕಂಪ್ಯೂಟರ್ ಎಂದು ಕರೆಸಿಕೊಳ್ಳುತ್ತಿದ್ದವರು! ಕ್ರಮೇಣ ಪತ್ರಿಕೆಗಳಲ್ಲಿ ಆ ಪದ ಯಂತ್ರದ ಪಾಲಾಯಿತು. ನಮ್ಮಲ್ಲೂ ಹಾಗೇ. ‘ಗಣಕ’ನೆಂದರೆ ಹಿಂದೆ ಲೆಕ್ಕಿಗ, ಜ್ಯೋತಿಷಿ. ಮೊದಲು ‘ಗಣಕಯಂತ್ರ’ ಎಂದೆವು. ಈಗ ಬರಿಯ ಗಣಕ ಎಂದರೂ ಯಂತ್ರವೇ.

“ಸಾರ್, ಎಲ್ಲ ಲೆಕ್ಕ ಮೊಬೈಲೇ ಮಾಡುವಾಗ ನಾವೇಕೆ ಮಾಡಬೇಕು?” ಎಂದು ಮಕ್ಕಳು ಕೇಳುತ್ತಾರೆ. ಮನೆಯಲ್ಲಿ ತಂದೆತಾಯಿಯರೂ ಈ ಪ್ರಶ್ನೆ ಕೇಳಿರಬಹುದು. ಅದು ಅಡ್ಡಪ್ರಶ್ನೆಯಲ್ಲ. ಗುಣಾಕಾರದ ವೇಗದಲ್ಲಿ ಯಂತ್ರದೊಡನೆ ಪೈಪೋಟಿ ಬೇಕಿಲ್ಲ. ಆದರೆ ಲೀವಿಟ್‌ಗೆ ಸಂಬಳ ಬರುತ್ತಿದ್ದುದು ಅಂಕಿ ಬರೆದಿಡಲು. ಅವುಗಳ ನಡುವಿನ ನಂಟನ್ನು ಹುಡುಕೆಂದು ಯಾರೂ ಹೇಳಿರಲಿಲ್ಲ. ಸ್ವತಃ ನೂರಾರು ಅಂಕಿಗಳೊಡನೆ ಒಡನಾಡಿದ್ದರಿಂದಲೇ ಅದು ಆಕೆಯ ಕಣ್ಣಿಗೆ ಬಿತ್ತು. ಅದಕ್ಕೇ ನಾನು ಮಕ್ಕಳಿಗೆ ಹೇಳುವುದಿಷ್ಟು: ಉತ್ತರ ಯಂತ್ರದಿಂದಲೇ ಬರಲಿ, ಆದರೆ ಅದು ಸರಿಯೇ ತಪ್ಪೇ ಎಂದು ಹೇಳುವಷ್ಟು ಲೆಕ್ಕ ನಿಮ್ಮ ಕೈಯಲ್ಲಿರಲಿ.