ಬಾಣ ಎಲ್ಲಿಗೆ ಬಂತು?

ಕುರುಕ್ಷೇತ್ರ ಮತ್ತು ಎಸ್ಸೆಸ್ಸೆಲ್ಸಿ ಆ ಮನೆಗೆ ಒಟ್ಟಿಗೇ ಬಂದವು. ಅದು 1990. ನಡುಮನೆಯಲ್ಲಿ ಭಾನುವಾರ ಬೆಳಿಗ್ಗೆ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’, ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಬೀದಿಗೆಲ್ಲ ಅದೊಂದೇ ಕಪ್ಪುಬಿಳುಪು ಟಿವಿ. ಚಾಪೆ ಹಾಸುವಷ್ಟರಲ್ಲಿ ಹೊಸ್ತಿಲವರೆಗೂ ಜನ. ಎಲ್ಲರೂ ಬರುತ್ತಿದ್ದುದು ಕೃಷ್ಣನ ದರ್ಶನಕ್ಕೆಂದು ಹೇಳುವುದು ವಾಡಿಕೆ. ನಿಜವಾಗಿ ಅರ್ಧ ಜನ ಬರುತ್ತಿದ್ದುದು ಮೂಲೆಯಲ್ಲಿ ಗೋಡೆಗೊರಗಿ ಕೂತ ಮಾವನ ಮಾತು ಕೇಳಲಿಕ್ಕೆ.

ಅವರು ಹುಡುಗನಿಗೆ ಸೋದರಮಾವ. ಹಾಗಾಗಿ ಬೀದಿಗೆಲ್ಲ ಮಾವ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿ ಸೇರಿದವರು. ಕಾರ್ಬನ್ ಕಡ್ಡಿಯ ಬೆಳಕಿನಲ್ಲಿ ಎಷ್ಟು ಸಾವಿರ ರೀಲು ಓಡಿಸಿದ್ದರೋ! ಟಿವಿ ಬಂತು, ವಿಡಿಯೋ ಬಂತು, ಟೆಂಟು ಸುತ್ತಿಟ್ಟರು. ಮಾವ ಒಂದು ಟ್ರಂಕು ಹಿಡಿದುಕೊಂಡು ಅಕ್ಕನ ಮನೆಗೆ ಬಂದರು. ತಮ್ಮ ಅನ್ನ ಕಿತ್ತುಕೊಂಡ ಪೆಟ್ಟಿಗೆಯ ಎದುರಿಗೇ ಕೂತು ಹಾಸ್ಯ ಮಾಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

‘ಅಮರ್ ಅಕ್ಬರ್ ಆಂಥೋನಿ’ (1977) ಮಾವನಿಗೆ ಬಹಳ ಪ್ರಿಯವಾದ ಚಿತ್ರ. ಮೂವರು ಗಂಡುಮಕ್ಕಳು ಸಾಲಾಗಿ ಮಲಗಿ ಒಟ್ಟಿಗೇ ತಾಯಿಗೆ ರಕ್ತ ಕೊಡುವ ದೃಶ್ಯ ನೆನಪಿದೆಯಲ್ಲ? ಮೂವರ ರಕ್ತವೂ ಕೊಳವೆಯಲ್ಲಿ ಮೇಲೇರಿ ಬಾಟಲಿ ಸೇರಿ, ಅಲ್ಲಿಂದ ತಾಯಿಗೆ ಇಳಿಯುತ್ತದೆ. “ನಮ್ಮ ಮುನಿಸಿಪಾಲಿಟಿ ನೀರು ಮೊದಲ ಮಹಡಿಗೆ ಹತ್ತೋದಿಲ್ಲ. ಇವರ ರಕ್ತ ನೋಡಿ, ಪಂಪೇ ಬೇಡ! ಮನಮೋಹನ ದೇಸಾಯಿನ ನೀರು ಸರಬರಾಜಿಗೆ ಇಂಜಿನಿಯರ್ ಮಾಡಬೇಕಿತ್ತು” ಎನ್ನುತ್ತಿದ್ದರು. ಆಮೇಲೆ ಗಂಭೀರವಾಗಿ, “ತಾಯಿದು ಓ ಗುಂಪು, ಮಗಂದು ಎ ಗುಂಪು ಆಗಿದ್ದರೆ? ಮಗನ ರಕ್ತವೇ ತಾಯಿಗೆ ವಿಷ” ಎನ್ನುವರು. ನಕ್ಕ ಹುಡುಗರೇ ಮರುದಿನ ಶಾಲೆಯಲ್ಲಿ ರಕ್ತದ ಗುಂಪಿನ ಬಗ್ಗೆ ಕೇಳುತ್ತಿದ್ದರು.

ಸಿನಿಮಾದಲ್ಲಿ ಮಿಂಚು ಗುಡುಗು ಯಾವಾಗಲೂ ಒಟ್ಟಿಗೇ ಬರುವುದನ್ನು ಕಂಡರೆ, “ಸಿಡಿಲು ಕ್ಯಾಮರಾಮನ್ ತಲೆ ಮೇಲೇ ಬಿತ್ತು, ಪಾಪ!” ಎನ್ನುವರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ ಎಂಬುದನ್ನು ಅವರು ಯಾವ ಪುಸ್ತಕದಲ್ಲಿ ಓದಿದ್ದರೋ ತಿಳಿಯದು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬಂದಾಗ ಮಾತ್ರ ಕೈ ಕಟ್ಟಿ ಕೂತು ನೋಡಿದ್ದರು. ಅದಕ್ಕೂ ಒಂದು ಟೀಕೆ ಇದ್ದೇ ಇತ್ತು: “ಆಗುಂಬೆಯಲ್ಲಿ ಚಿತ್ರೀಕರಣ ಮಾಡಿ ಒಣಗಿದ ಬಟ್ಟೆ ಹಾಕಿಸಿದಾನಲ್ಲ, ಅದು ನಿರ್ದೇಶನ!”

1972ರ ‘ಬಂಗಾರದ ಮನುಷ್ಯ’ದ ವಿಷಯಕ್ಕೆ ಮಾತ್ರ ಮಾವನ ಅಭಿಪ್ರಾಯವನ್ನು ಬೀದಿಯವರು ಒಪ್ಪುತ್ತಿರಲಿಲ್ಲ. ಬೆಂಗಳೂರಿನಲ್ಲಿ ಎರಡು ವರ್ಷ ಓಡಿದ ಚಿತ್ರ. ಅಕ್ಕನ ಸಂಸಾರಕ್ಕಾಗಿ ದುಡಿದ ರಾಜೀವ, ಅಕ್ಕನ ಮಗನ ಮಾತಿಗೆ ನೊಂದು ಮನೆ ಬಿಟ್ಟು ಹೊರಡುತ್ತಾನೆ. ಟೆಂಟಿನಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಮಾವ ಪ್ರೊಜೆಕ್ಟರ್ ಪಕ್ಕದಲ್ಲಿ ಗೊಣಗುತ್ತಿದ್ದರಂತೆ: “ಹೋಗಬಾರದಿತ್ತು ಕಣಯ್ಯ. ಹುಡುಗನಿಗೆ ನಾಲ್ಕು ಬೈದು, ಉಂಡು ಮಲಗಬೇಕಿತ್ತು.”

ಪರೀಕ್ಷೆಗೆ ಇನ್ನೆಷ್ಟೋ ದಿನ ಇರುವಾಗ ಹುಡುಗ ಒಂದು ಪ್ರಶ್ನೆ ಕೇಳಿದ. ಸಿನಿಮಾದಲ್ಲಿ ರಥ ಮುಂದೆ ಹೋಗುತ್ತದೆ, ಚಕ್ರ ಮಾತ್ರ ಹಿಂದಕ್ಕೆ ಸುತ್ತುತ್ತದೆ, ಯಾಕೆ? ಮಾವನಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೆ! ಗಣಿತದ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಚಕ್ರದ ಮೇಲೆ ಚಕ್ರ ಬರೆದರು. ಸೆಕೆಂಡಿಗೆ 24 ಚಿತ್ರ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಚಕ್ರದ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗವನ್ನು ಇನ್ನೇನು ಮುಟ್ಟಬೇಕು, ಕೂದಲೆಳೆಯಷ್ಟು ಹಿಂದೆ ಉಳಿಯಿತು ಅನ್ನಿ. ಕಡ್ಡಿಗಳೆಲ್ಲ ಒಂದೇ ಥರ ಇರುವುದರಿಂದ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಅದು ಹಿಂದೆ ಸರಿದಂತೆಯೇ ಕಾಣುತ್ತದೆ. ಹೀಗೆ ಹನ್ನೆರಡು ಹಾಳೆ ಆಯಿತು. ಪಠ್ಯದಲ್ಲಿ ಇದಿಲ್ಲ ಎನ್ನುವುದಾದರೆ ಅದು ಪಠ್ಯದ ಕೊರತೆ.

ಆ ಹಾಳೆಗಳು ಮನೆಯ ಯಜಮಾನರ ಕಣ್ಣಿಗೆ ಬಿದ್ದವು. ಅವರು ತಾಲ್ಲೂಕು ಕಚೇರಿಯ ಗುಮಾಸ್ತರು. ಮಗ ಇಂಜಿನಿಯರ್ ಆಗಬೇಕೆಂದು ಕಾಫಿ ಕುಡಿಯುವುದನ್ನೂ ಬಿಟ್ಟು ಹಣ ಕೂಡಿಸುತ್ತಿದ್ದವರು. ಅವರ ಭಯ ಸುಳ್ಳಲ್ಲ. ಆದರೆ ಮಾತು ಕೈಮೀರಿತು. “ಎರಡು ಸಲ ಫೇಲಾದವನಿಂದ ನನ್ನ ಮಗ ಪಾಠ ಕಲೀಬೇಕಾಗಿಲ್ಲ. ಡೇರೆ ಕಿತ್ತರೂ ನಿನ್ನ ಬಯಸ್ಕೋಪು ನಿಂತಿಲ್ಲವಲ್ಲ!”

ಮಾವ ಏನೂ ಹೇಳಲಿಲ್ಲ. ರಾತ್ರಿ ಟ್ರಂಕಿನ ಸದ್ದು ಕೇಳಿ ಅಕ್ಕ ಎದ್ದು ಬಂದರು. ಪಂಚೆ, ಅಂಗಿ ಮಡಿಚಿ ಇಡುತ್ತಿದ್ದ ತಮ್ಮನನ್ನು ಒಂದು ಗಳಿಗೆ ನೋಡಿದರು. “ರಾಜೀವ ಹೋಗಬಾರದಿತ್ತು ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳಿದೆಯಲ್ಲೋ. ಉಂಡು ಮಲಕ್ಕೋ” ಎಂದರು. ಮಾವ ಉಂಡರು.

ಉಳಿದರೇನೋ ನಿಜ, ಮಾತು ಹೋಯಿತು. ಮುಂದಿನ ಭಾನುವಾರ ಅದೇ ಮೂಲೆ, ಅದೇ ಗೋಡೆ. ಪರದೆಯ ಮೇಲೆ ಏನಾದರೂ ಮಾವ ತುಟಿ ಎರಡು ಮಾಡಲಿಲ್ಲ. ಪಕ್ಕದ ಮನೆಯ ಅಜ್ಜಿ ಎರಡು ಸಲ ತಿರುಗಿ ನೋಡಿದರು. ಇನ್ನೊಂದು ಭಾನುವಾರ ಹಾಗೇ ಕಳೆಯಿತು. ಹೊಸ್ತಿಲ ಬಳಿ ಜಾಗ ಖಾಲಿ ಕಾಣತೊಡಗಿತು. ಪರೀಕ್ಷೆಯೂ ಮುಗಿಯಿತು. ಹುಡುಗ ಚೆನ್ನಾಗಿಯೇ ಬರೆದೆನೆಂದ, ಅಷ್ಟೆ.

ಮೂರನೆಯ ಭಾನುವಾರ ಪರದೆಯ ಮೇಲೆ ಎರಡು ಬಾಣಗಳು ಹೊರಟವು. ಅತ್ತಣಿಂದೊಂದು, ಇತ್ತಣಿಂದೊಂದು. ಒಂದು ಬಾಣ, ಒಂದು ಮುಖ. ಇನ್ನೊಂದು ಬಾಣ, ಇನ್ನೊಂದು ಮುಖ. ಎಷ್ಟು ಹೊತ್ತಾದರೂ ಬಾಣಗಳು ಮುಟ್ಟಲೊಲ್ಲವು. ನಡುಮನೆ ಸುಮ್ಮನಿತ್ತು. ಕುರ್ಚಿಯಲ್ಲಿ ಕೂತಿದ್ದ ಯಜಮಾನರು ಒಮ್ಮೆ ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಕೇಳಿದರು:

“ಅಲ್ಲಯ್ಯ, ಈ ಬಾಣ ಯಾಕೆ ಅಲ್ಲೇ ನಿಂತಿದೆ?”

ಮಾವ ಗೋಡೆ ಬಿಟ್ಟು ನೆಟ್ಟಗೆ ಕೂತರು.

“ಸಾಹೇಬರ ಸಹಿ ಆಗಬೇಕಂತೆ ಭಾವ. ಕಡತ ನಿಮ್ಮ ಟೇಬಲ್ ಮೇಲೇ ಇದೆ.”

ಮೊದಲು ನಕ್ಕವರು ಪಕ್ಕದ ಮನೆಯ ಅಜ್ಜಿ.