ಭೇಟಿಯ ಮೇಲಣ ಪಣ

ದೀಪಾವಳಿಯ ಪಾಡ್ಯಕ್ಕೆ ದ್ಯೂತಪ್ರತಿಪದೆ ಎಂಬ ಇನ್ನೊಂದು ಹೆಸರುಂಟು. ಅಂದು ಶಿವಪಾರ್ವತಿಯರು ಪಗಡೆಯಾಡಿದರೆಂದು ಹಿರಿಯರು ಹೇಳುವರು. ನಮ್ಮ ಮನೆಯಲ್ಲಿಯೂ ಆ ದಿನ ಕವಡೆಗಳು ಪೆಟ್ಟಿಗೆಯಿಂದ ಹೊರಬರುವುದುಂಟು. ಪಣವೆಂದರೆ ಹಿಡಿ ಹುರಿಗಡಲೆ. ಆದರೆ 2025ನೆಯ ಇಸವಿಯಲ್ಲಿ ನಾವು ಕವಡೆ ಮುಟ್ಟದೆಯೇ ಒಂದು ಜೂಜಿನಲ್ಲಿ ಸಿಕ್ಕಿಕೊಂಡೆವು. ಅದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವುದು ಯುಕ್ತವೆಂದು ತೋರಿತು.

ನಮ್ಮ ಸೋದರಳಿಯನು ಅಮೆರಿಕದಲ್ಲಿ ಉದ್ಯೋಗದಲ್ಲಿರುವನು. ಆ ವರ್ಷದ ಅಕ್ಟೋಬರ್ 16ರಂದು ಅಲ್ಲಿಯ ಅಧ್ಯಕ್ಷರಾದ ಟ್ರಂಪರು, ತಾವು ರಷ್ಯದ ಅಧ್ಯಕ್ಷ ಪುಟಿನ್ನರನ್ನು ಹಂಗೆರಿಯ ಬುಡಾಪೆಸ್ಟಿನಲ್ಲಿ ಕಾಣುವುದಾಗಿ ಸಾರಿದರು. ಆಗಸ್ಟ್ 15ರಂದು ಇಬ್ಬರೂ ಅಲಾಸ್ಕದಲ್ಲಿ ಕಲೆತಿದ್ದರೂ ಉಕ್ರೇನಿನ ಯುದ್ಧವು ನಿಂತಿರಲಿಲ್ಲ. ನರಕಚತುರ್ದಶಿಯ ದಿನ ಅಳಿಯನು ಟೆಲಿಫೋನಿನಲ್ಲಿ, "ಮಾವ, ಈ ವರ್ಷ ಮುಗಿಯುವುದರೊಳಗೆ ಅವರಿಬ್ಬರ ಭೇಟಿ ಆಗಿಯೇ ಆಗುವುದೆಂದು ನೂರು ಡಾಲರು ಹಾಕಿದ್ದೇನೆ" ಎಂದನು.

ಅಧ್ಯಕ್ಷರು ಯಾವ ನಾಯಕರನ್ನು ಯಾವ ದಿನದೊಳಗೆ ಕಾಣುವರೆಂಬುದರ ಮೇಲೆ ಆ ದೇಶದಲ್ಲಿ ಪೇಟೆಯೇ ನಡೆಯುತ್ತದೆ. ಒಂದೊಂದು ಹೆಸರಿಗೂ 'ಹೌದು', 'ಇಲ್ಲ' ಎಂಬ ಎರಡು ಬಗೆಯ ಚೀಟಿಗಳು. ಊಹೆ ನಿಜವಾದರೆ ಚೀಟಿಗೆ ಒಂದು ಡಾಲರು, ತಪ್ಪಿದರೆ ಸೊನ್ನೆ. 'ಹೌದು' ಎಂಬ ಚೀಟಿಯು 40 ಸೆಂಟಿಗೆ ಬಿಕರಿಯಾಗುತ್ತಿದ್ದರೆ, ಭೇಟಿಯ ಸಂಭವವು ನೂರಕ್ಕೆ ನಲವತ್ತೆಂದು ಪೇಟೆಯ ಮತ. ಹಲವರ ತಿಳಿವಳಿಕೆಯು ಹೀಗೆ ಒಂದು ಬೆಲೆಯಲ್ಲಿ ಕೂಡಿಬರುವುದೆಂಬ ವಿಚಾರವು ಹಳಿಯತಕ್ಕದ್ದಲ್ಲ. ಅಯೋವ ವಿಶ್ವವಿದ್ಯಾನಿಲಯದ ಪಂಡಿತರು 1988ರಲ್ಲಿಯೇ ಚುನಾವಣೆಯ ಮೇಲೆ, ಸಣ್ಣ ಮೊತ್ತಗಳಿಂದ, ಇಂಥ ಪೇಟೆಯನ್ನು ನಡೆಸಿ ಪರೀಕ್ಷಿಸಿದ್ದರು.

ಆದರೆ ಮಳೆಯ ಮೇಲೆ ಪಣ ಕಟ್ಟಿದವನು ಮೋಡವನ್ನು ಕರೆಯಲಾರನು. ಭೇಟಿಯಾದರೋ ಮನುಷ್ಯರ ಮನಸ್ಸಿಗೆ ಸೇರಿದ್ದು. ಆ ಮನಸ್ಸನ್ನು ಮುಂಚಿತವಾಗಿ ಬಲ್ಲ ಅಧಿಕಾರಿಯೊಬ್ಬನು ಗುಟ್ಟಾಗಿ ಚೀಟಿ ಕೊಂಡರೆ ಉಳಿದವರ ಜಾಣತನವೆಲ್ಲ ನೀರಿನಲ್ಲಿ ಹೋಮ. ಮಾತಿನ ಅರ್ಥದಲ್ಲಿಯೂ ತೊಡಕುಂಟು. 2025ರಲ್ಲಿ ಉಕ್ರೇನಿನ ಅಧ್ಯಕ್ಷ ಜೆಲೆನ್‌ಸ್ಕಿಯವರು ಸೂಟು ಧರಿಸುವರೇ ಎಂಬ ಪಣದಲ್ಲಿ 20 ಕೋಟಿ ಡಾಲರಿಗೂ ಮಿಕ್ಕ ವ್ಯವಹಾರ ನಡೆಯಿತು. ಜೂನಿನಲ್ಲಿ ಅವರು ಹೇಗ್ ನಗರಕ್ಕೆ ತೊಟ್ಟುಬಂದ ಕರಿಯ ಉಡುಪು ಸೂಟು ಹೌದೋ ಅಲ್ಲವೋ ಎಂದು ವಾಗ್ವಾದವೆದ್ದು, ಕಡೆಗೆ 'ಇಲ್ಲ' ಎಂದೇ ತೀರ್ಪಾಯಿತು.

ಇವು ಪೇಟೆಯ ದೋಷಗಳಾದವು. ನಮ್ಮನ್ನು ಬಾಧಿಸಿದ್ದು ಬೇರೊಂದು. ಟೆಲಿಫೋನು ಬಂದಂದಿನಿಂದ ನಾವು ಬುಡಾಪೆಸ್ಟಿನ ಸುದ್ದಿಯನ್ನೇ ಹುಡುಕತೊಡಗಿದೆವು. ಪಾಡ್ಯದ ದಿನ ಬೆಳಗ್ಗೆ, ಸದ್ಯಕ್ಕೆ ಆ ಭೇಟಿಯಿಲ್ಲವೆಂಬ ವರ್ತಮಾನ ತಿಳಿಯಿತು. "ಅಯ್ಯೋ, ಹುಡುಗನ ನೂರು ಡಾಲರು ಹೋಯಿತಲ್ಲ!" ಎಂದು ನಮ್ಮ ಬಾಯಿಂದ ಹೊರಟಿತು. ಹೊಸ್ತಿಲಲ್ಲಿ ಬಲೀಂದ್ರನಿಗೆ ಹೂವೇರಿಸುತ್ತಿದ್ದ ನಮ್ಮ ಮನೆಯವರು ತಲೆಯೆತ್ತಿ, "ಹಾಗಾದರೆ ಯುದ್ಧ ನಿಲ್ಲುವುದಿಲ್ಲವೇ?" ಎಂದರು. ಆ ಪ್ರಶ್ನೆಯು ನಮಗೆ ಹೊಳೆದೇ ಇರಲಿಲ್ಲ.

ಸಂಜೆ ಅಳಿಯನು ಮತ್ತೆ ಮಾತನಾಡಿದನು. ಕೈಯಲ್ಲಿದ್ದ ಚೀಟಿಗಳನ್ನು ನಷ್ಟಕ್ಕೆ ಮಾರಿ, ಮೇಲಷ್ಟು ಹಣ ಸೇರಿಸಿ 'ಇಲ್ಲ' ಎಂಬ ಚೀಟಿಗಳನ್ನು ಕೊಂಡಿದ್ದನು. "ಇನ್ನು ಅವರು ಸೇರದಿದ್ದರೇ ನನಗೆ ಲಾಭ, ಮಾವ" ಎಂದು ನಕ್ಕನು. ಚಿಕ್ಕಂದಿನಲ್ಲಿ, ಕರುವನ್ನು ಹಾಲಿನಿಂದ ಬಿಡಿಸಿ ಕಟ್ಟಿದರೆ ಅಳುತ್ತಿದ್ದ ಹುಡುಗನಿವನು. ಗದರಿಸೋಣವೆಂದರೆ ನಾಲಗೆ ಏಳಲಿಲ್ಲ. ಒಂದು ಕಾಸೂ ಹಾಕದ ನಮ್ಮ ಹಾರೈಕೆಯೇ ಎರಡು ದಿನಗಳಲ್ಲಿ ದಾರಿ ತಪ್ಪಿತ್ತು.

ಹಣವಿಟ್ಟು ಅಂತರಜಾಲದಲ್ಲಿ ಆಡುವ ಆಟಗಳನ್ನು ನಿಷೇಧಿಸುವ ಶಾಸನವು ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಅಂಗೀಕೃತವಾಯಿತು. ಅದರಿಂದ ಎಷ್ಟೋ ಮನೆಗಳ ಹಣ ಉಳಿದೀತು. ಆದರೆ ವರ್ತಮಾನವನ್ನು ಕೇಳುವಾಗ ಯಾರ ಒಳಿತನ್ನು ಬಯಸಬೇಕೆಂಬುದನ್ನು ಶಾಸನವು ಕಲಿಸಲಾರದು.

ಆ ವರ್ಷದಲ್ಲಿ ಇಬ್ಬರು ಅಧ್ಯಕ್ಷರೂ ಮತ್ತೆ ಕೂಡಲಿಲ್ಲ. ಅಳಿಯನಿಗೆ ನಷ್ಟ ತುಂಬಿ ಒಂದಿಷ್ಟು ಮಿಕ್ಕಿತಂತೆ. ಅದರಲ್ಲಿ ಅತ್ತೆಗೆ ಏನು ತರಲಿ ಎಂದು ಕೇಳಿದನು. "ಏನೂ ಬೇಡಪ್ಪ, ನೀನು ಬಂದರೆ ಸಾಕು" ಎಂದು ಹೇಳಿ ಅವರು ಟೆಲಿಫೋನನ್ನು ನಮ್ಮ ಕೈಗೆ ಕೊಟ್ಟರು.